ಕಾಡುಹಂದಿಯಿಂದ ಬೆಳೆ ಕಾಯೋರಿಗೆ ಮೂರು ಬಣ್ಣದ ತಲೆಬ್ಯಾಟರಿ: ಕೆಂಪು ಬೆಳಕಿಗೆ ಬೇರೆ ಗುಂಡಿ ಇದ್ದರಷ್ಟೇ ತಗೊಳ್ಳಿ

ಖಾನಾಪುರ ತಾಲ್ಲೂಕಿನ ಕಾಡಂಚಿನ ಹೊಲಗಳಲ್ಲಿ ಗೋವಿನಜೋಳ ಹಾಲುಗಾಳಾಯಿತೆಂದರೆ ಹಂದಿ ಹಿಂಡು ಬಂತೆಂದೇ ಲೆಕ್ಕ. ರಾತ್ರಿ ಅಟ್ಟಣಿಗೆ ಮೇಲೆ ಕೂರುವವರಿಗೆ ಎರಡೂ ಕೈ ಖಾಲಿ ಇರಬೇಕು, ಹಾಗಾಗಿ ತಲೆಗೆ ಕಟ್ಟುವ ಬ್ಯಾಟರಿಯೇ ಸರಿ. ಬಿಳಿ, ಕೆಂಪು, ಹಸಿರು ಮೂರೂ ಬಣ್ಣ ಇರುವ, ಒಂದೇ 18650 ಸೆಲ್ಲಿನ (ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಥಿಯಂ ಸೆಲ್) ಮಾದರಿ ಬಗ್ಗೆ ಈ ಮಾತು.

ಇದರಲ್ಲಿ ದುಡ್ಡು ಕೊಡಬೇಕಾದದ್ದು ಕೆಂಪಿಗೆ. ಹಂದಿ ಕಣ್ಣಿಗೆ ಕೆಂಪು ಬಹಳ ಮಂದ. ಅಮೆರಿಕದ ಟೆಕ್ಸಾಸ್‌ನಲ್ಲಿ ಬಿಲ್ಲಿಗೆ ಲೈಟು ಕಟ್ಟಿ ರಾತ್ರಿ ಹಂದಿ ಬೇಟೆಯಾಡುವವರೂ ಕೆಂಪು ಇಲ್ಲವೇ ಹಸಿರನ್ನೇ ಬಳಸುತ್ತಾರೆ. ನಮ್ಮಲ್ಲಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಆ ಯೋಚನೆಯೇ ಬೇಡ. ಹಿಂಡು ಯಾವ ಬದು ದಾಟಿ ಬಂತೆಂದು ಕೆಂಪಿನಲ್ಲಿ ನೋಡಿಕೊಳ್ಳಿ, ಆಮೇಲೆ ಬಿಳಿ ಬೆಳಕು ಬಿಟ್ಟು ಡಬ್ಬಿ ಬಡಿದು ಓಡಿಸಿ. ಗಾಳಿ ನಿಮ್ಮ ಕಡೆಯಿಂದ ಹಂದಿಯತ್ತ ಬೀಸುತ್ತಿದ್ದರೆ ಮಾತ್ರ ಯಾವ ಬಣ್ಣವೂ ನಡೆಯುವುದಿಲ್ಲ, ಅದರ ಮೂಗು ಅಷ್ಟು ಚುರುಕು.

ಹೊಸಬರು ಕಣ್ಣು ಹೊಳೆಯಲೆಂದು ಕಾಯುತ್ತಾರೆ. ನಾಯಿ, ನರಿ, ದನದ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪದರ ಇರುತ್ತದೆ, ಹಂದಿಗೆ ಅದು ಇಲ್ಲ. ಬೆಳಕನ್ನು ಬೆಳೆಯ ಬುಡದಲ್ಲಿ ನಿಧಾನವಾಗಿ ಹರಿಸಿ. ದಂಟು ಅಲುಗುವುದು, ಅದರಾಚೆ ಕಪ್ಪು ಬೆನ್ನು, ಇಷ್ಟೇ ಗುರುತು. ಝೂಮ್ ಪೂರ್ತಿ ಎಳೆದರೆ ಚೌಕದಂಥ ಸಣ್ಣ ಚುಕ್ಕೆ ಬೀಳುತ್ತದೆ, ಅಕ್ಕಪಕ್ಕ ಏನೂ ಕಾಣದು. ಅರ್ಧಕ್ಕೆ ನಿಲ್ಲಿಸಿ.

ದೊಡ್ಡ ಕೊರತೆ ಗುಂಡಿಯದು. ಅಗ್ಗದವುಗಳಲ್ಲಿ ಒಂದೇ ಗುಂಡಿ: ಮೊದಲು ಜೋರು ಬಿಳಿ, ಆಮೇಲೆ ಮಂದ ಬಿಳಿ, ಮಿಣುಕು, ಕೊನೆಗೆ ಕೆಂಪು. ಕೆಂಪಿಗೆ ಬರುವಷ್ಟರಲ್ಲಿ ಹಿಂಡು ಎಚ್ಚರವಾಗಿರುತ್ತದೆ. ಕೆಂಪಿಗೆ ಬೇರೆ ಗುಂಡಿ ಇದೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡಿ, ಮೊದಲ ಒತ್ತಿಗೇ ಕೆಂಪು ಬರದಿದ್ದರೆ ವಾಪಸ್ ಕೊಡಿ.

ಜೊತೆಗೆ ಕೊಡುವ ಸೆಲ್ಲನ್ನು ನಂಬಬೇಡಿ. ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆಂಬ ಲೆಕ್ಕ) ಎಂದಿದ್ದರೆ ಅದು ಸುಳ್ಳು, ಈ ಅಳತೆಯ ಒಳ್ಳೆ ಸೆಲ್ಲಿಗೂ ಸಾಮಾನ್ಯವಾಗಿ 3500ರ ಆಸುಪಾಸೇ ಮಿತಿ. ತಕ್ಕಡಿಗೆ ಹಾಕಿ: ಸರಿಯಾದದ್ದು 45 ಗ್ರಾಂ ಮೇಲೆ ತೂಗುತ್ತದೆ. ಬೇರೆ ಸೆಲ್ ಕೊಳ್ಳುವಾಗ ತಲೆಬ್ಯಾಟರಿಯನ್ನೂ ಒಯ್ಯಿರಿ. ರಕ್ಷಣಾ ಸರ್ಕಿಟ್ (ಅತಿ ಚಾರ್ಜ್, ಶಾರ್ಟ್ ಆಗದಂತೆ ತಡೆಯುವುದು) ಇರುವ ಸೆಲ್ ಉಳಿದವಕ್ಕಿಂತ ಮೂರ್ನಾಲ್ಕು ಮಿಲಿಮೀಟರ್ ಹೆಚ್ಚು ಉದ್ದ ಇರುತ್ತದೆ, ಕೆಲವು ಸೆಲ್ ಡಬ್ಬಿಗಳಲ್ಲಿ ಕೂರುವುದಿಲ್ಲ. ಹಿಂದಿನ ಸೆಲ್ ಡಬ್ಬಿಯಿಂದ ಮುಂದಿನ ಲೈಟಿಗೆ ಬರುವ ವೈರು ಲೈಟು ಮಡಚುವ ಜಾಗದಲ್ಲೇ ತುಂಡಾಗುತ್ತದೆ, ಅಲ್ಲಿ ಸ್ವಲ್ಪ ಸಡಿಲ ಬಿಟ್ಟು ಪಟ್ಟಿಗೆ ಟೇಪ್ ಸುತ್ತಿ. ಮಳೆಯಲ್ಲಿ ನೆನೆದರೆ ಚಾರ್ಜಿಂಗ್ ಪಿನ್ ಪೂರ್ತಿ ಒಣಗುವವರೆಗೆ ಕೇಬಲ್ ಚುಚ್ಚಬೇಡಿ.

ಆಳೆತ್ತರ ಮೀರಿದ ಕಬ್ಬಿಗೆ ಇದರಿಂದ ಉಪಯೋಗ ಕಡಿಮೆ, ಬೆಳಕು ಎರಡು ಸಾಲು ದಾಟುವುದಿಲ್ಲ. ಹಾಗೆಂದು ಒಳಗೆ ನುಗ್ಗಬೇಡಿ, ಮರಿ ಇರುವ ಹಂದಿ ನೇರ ಮೈಮೇಲೆ ಬರುತ್ತದೆ. ಬದುವಿನ ಮೇಲೆ ನಿಂತು, ಕಾಡಿನ ಕಡೆ ದಾರಿ ಬಿಟ್ಟು, ಉಳಿದ ಮೂರು ಕಡೆಯಿಂದ ಬಿಳಿ ಬೆಳಕು ಹಾಯಿಸಿ.