ಬೆಚ್ಚಗಿನ ಕಡಲಿಗೆ ಮೂರು ಮಿಲಿಮೀಟರಿನ ಉಡುಪು: ಮೂರು ಋತುಗಳ ಬಳಕೆಯ ಬಳಿಕ

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ನೀರಿಗಿಳಿಯಲು ಮೈತುಂಬ ನಿಯೋಪ್ರೀನ್ ಎಂಬ ನೊರೆರಬ್ಬರಿನ ಉಡುಪು ಏಕೆ ಬೇಕೆಂದು ಮೊದಲು ನಾನೂ ಕೇಳಿದವನೇ. ಕುಂಬಳೆಯ ಕಡಲ ಕರೆಯಲ್ಲಿ ಬೆಳೆದು, ಧನು ಮಾಸದ ಮುಂಜಾನೆಯಲ್ಲೂ ಬಾವಿಯ ತಣ್ಣೀರಿನಲ್ಲಿ ಮೀಯುವ ನನಗೆ 28 ಡಿಗ್ರಿಯ ಕಡಲು ಚಳಿ ಹಿಡಿಸೀತೆಂಬ ನಂಬಿಕೆಯಿರಲಿಲ್ಲ. ಮೊದಲ ವರ್ಷ ಲೈಕ್ರಾ ಎಂಬ ಹಿಗ್ಗುವ ಬಟ್ಟೆಯ ತೆಳು ಉಡುಪಿನಲ್ಲೇ ಡೈವಿಂಗ್ ಮಾಡಿದೆ. ದಿನದ ಮೊದಲನೆಯ ಡೈವ್ ಸುಖವಾಗಿತ್ತು. ಎರಡನೆಯದರಲ್ಲಿ ಅರ್ಧ ಹೊತ್ತಿಗೇ ಹಲ್ಲು ಕಟಕಟನೆ ಬಡಿದುಕೊಳ್ಳತೊಡಗಿ, ಮೀನು ನೋಡುವುದನ್ನು ಬಿಟ್ಟು ಉಸಿರಾಡಲು ಬಾಯಲ್ಲಿಟ್ಟುಕೊಳ್ಳುವ ರೆಗ್ಯುಲೇಟರನ್ನು ಕಚ್ಚಿ ಹಿಡಿಯುವುದೇ ಕೆಲಸವಾಯಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಸೆಳೆಯುತ್ತದೆ; ಹಾಗೆ ಕಳೆದುಕೊಂಡ ಬಿಸಿ ದೋಣಿಯ ಮೇಲಿನ ಒಂದು ಗಂಟೆಯಲ್ಲಿ ಪೂರ್ತಿ ಮರಳುವುದಿಲ್ಲ.

ಆಮೇಲೆ ಎಂಟು ಸಾವಿರ ರೂಪಾಯಿ ಕೊಟ್ಟು ಮೂರು ಮಿಲಿಮೀಟರಿನ ಪೂರ್ಣ ಉಡುಪು ಕೊಂಡೆ. ತಪ್ಪು ಮಾಡಿದ್ದು ಅಲ್ಲಿಯೇ. ಬಟ್ಟೆ ಕೊಳ್ಳುವಾಗ ಒಂದು ಅಳತೆ ಸಡಿಲವಿರಲಿ ಎನ್ನುವ ನಮ್ಮ ಮನೆಯ ಹಳೆಯ ರೂಢಿಯನ್ನು ಇಲ್ಲಿಗೂ ತಂದೆ. ಈ ಉಡುಪು ಮೈಗೂ ನಿಯೋಪ್ರೀನಿಗೂ ನಡುವೆ ನೀರಿನ ತೆಳು ಪದರವೊಂದನ್ನು ಹಿಡಿದಿಟ್ಟು, ಅದು ಮೈಯ ಬಿಸಿಗೆ ಬೆಚ್ಚಗಾಗುವಂತೆ ನೋಡಿಕೊಳ್ಳಬೇಕು. ನನ್ನ ಸೊಂಟದ ಹಿಂಭಾಗದಲ್ಲಿ ಅಂಗೈಯಗಲದ ಟೊಳ್ಳು ಉಳಿದಿದ್ದರಿಂದ, ಕಾಲಿನ ಫಿನ್ (ಈಜುರೆಕ್ಕೆ) ಬೀಸಿದಾಗಲೆಲ್ಲ ಅಲ್ಲಿಂದ ಹಳೆಯ ನೀರು ಹೊರಹೋಗಿ ಹೊಸ ತಣ್ಣೀರು ಬೆನ್ನಹುರಿಯುದ್ದಕ್ಕೂ ಹರಿಯುತ್ತಿತ್ತು. ಅಂಗಡಿಯವರು ಬದಲಿಸಿಕೊಡಲಿಲ್ಲ. ಊರಿನ ದರ್ಜಿ ಮುಟ್ಟಿ ನೋಡಿ, ಸೂಜಿಯ ತೂತುಗಳಲ್ಲೆಲ್ಲ ನೀರು ಬರುತ್ತದೆಂದು ಹಿಂದಿರುಗಿಸಿದ; ಅವನು ಹೇಳಿದ್ದು ಸರಿಯೇ ಆಗಿತ್ತು.

ತೂಕದ ಕಿರಿಕಿರಿ ಬೇರೆ. ನಿಯೋಪ್ರೀನಿನ ಒಳಗೆ ಸಣ್ಣ ಅನಿಲಗುಳ್ಳೆಗಳಿರುವುದರಿಂದ ಅದು ತೇಲುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾದಾಗ ಅದೇ ಗುಳ್ಳೆಗಳು ಕುಗ್ಗಿ, ತೇಲುವ ಗುಣವೂ ಬೆಚ್ಚಗಿಡುವ ಗುಣವೂ ಇಳಿಯುತ್ತವೆ. ಆದರೂ ಮೇಲ್ಮಟ್ಟದಲ್ಲಿ ತೇಲುವುದನ್ನು ಮೀರಿ ಇಳಿಯಲು, ಲೈಕ್ರಾದಲ್ಲಿ ಸಾಕಾಗುತ್ತಿದ್ದ ಸೀಸದ ತೂಕಕ್ಕೆ ಎರಡು ಕಿಲೋ ಸೇರಿಸಬೇಕಾಯಿತು. ಸೇರಿಸದೆ ಇಳಿದ ದಿನ, ಕೊನೆಗೆ ಸಿಲಿಂಡರಿನ ಗಾಳಿ ತೀರುತ್ತ ಬಂದು ಅದೂ ಹಗುರಾದಾಗ, ಮೇಲೇರುವ ಮುನ್ನ ಸುರಕ್ಷತೆಗಾಗಿ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಲಾಗದೆ ಲಂಗರಿನ ಹಗ್ಗವನ್ನು ಅಪ್ಪಿಕೊಂಡಿದ್ದೆ.

ಇಷ್ಟಾದರೂ ಅದನ್ನು ಮಾರಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಡೈವಿಂಗಿನ ನಂತರದ ಕೆಲಸ. ಮನೆಗೆ ಬಂದ ರಾತ್ರಿಯೇ ಬಾವಿಕಟ್ಟೆಯ ಬಳಿ ದೊಡ್ಡ ಟಬ್ಬಿನಲ್ಲಿ ಸಿಹಿನೀರು ತುಂಬಿ, ಉಡುಪನ್ನು ಒಳಹೊರಗೆ ಮಗುಚಿ, ಜಿಪ್ಪಿನ ಹಲ್ಲುಗಳ ನಡುವಿನ ಉಪ್ಪು ಹೋಗುವವರೆಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತೇನೆ. ಬಿಸಿಲಿಗೆ ನಿಯೋಪ್ರೀನ್ ಗಟ್ಟಿಯಾಗಿ ಬಿರಿಯುವುದರಿಂದ ಚಾವಡಿಯ ನೆರಳಿನಲ್ಲಿ ದಪ್ಪ ಹ್ಯಾಂಗರಿಗೆ ತೂಗುಹಾಕುತ್ತೇನೆ. ಕತ್ತಲಲ್ಲಿ ಅದನ್ನು ಕಂಡು ಯಾರೋ ನೇತಾಡುತ್ತಿದ್ದಾರೆಂದು ಅಮ್ಮ ಒಮ್ಮೆ ಬೆಚ್ಚಿಬಿದ್ದದ್ದೂ ಉಂಟು. ಆಟಿಯ ಮಳೆಯಲ್ಲಿ ಅಡಕೆಗೆ ಕೊಳೆರೋಗ ತಗಲುವ ನಮ್ಮ ಊರಿನಲ್ಲಿ ಉಡುಪಿಗೆ ಬೂಸ್ಟು ಹಿಡಿಯಲು ಒಂದು ವಾರ ಸಾಕು. ಆದ್ದರಿಂದ ಆ ತಿಂಗಳುಗಳಲ್ಲಿ ಅದನ್ನು ಮಡಚದೆ, ಅಡುಗೆಮನೆಯ ಬಿಸಿ ತಗಲುವ ಅಟ್ಟದಲ್ಲಿ ಬಿಡಿಸಿ ಹಾಕುತ್ತೇನೆ. ಮೂರು ಮಳೆಗಾಲ ಕಳೆದರೂ ಹೊಲಿಗೆ ಬಿಟ್ಟಿಲ್ಲ.

ದಿನಕ್ಕೆ ಒಂದೇ ಡೈವ್ ಮಾಡುವವರಿಗೆ ಲೈಕ್ರಾ ಸಾಕು; ಬಿಸಿಲು, ಹವಳದ ಗೀರು, ಜೆಲ್ಲಿ ಮೀನಿನ ಕುಟುಕುಗಳನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ವರ್ಷಕ್ಕೊಮ್ಮೆ ಹೋಗುವವರು ಬಾಡಿಗೆಗೆ ಪಡೆಯಲಿ. ನನ್ನಂಥ ಬಡಕಲು ಮೈಯವರು ದಿನಕ್ಕೆ ಎರಡು ಮೂರು ಬಾರಿ ಇಳಿಯುವುದಾದರೆ ಮೂರು ಮಿಲಿಮೀಟರ್ ಬೇಕೇ ಬೇಕು; ತೊಡುವಾಗ ಜಾರಲೆಂದು ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೂ ಏದುಸಿರು ಬರುವಷ್ಟು ಬಿಗಿಯಾಗಿರಬೇಕು. ಈ ವರ್ಷ ನಾನು ಒಂದು ಅಳತೆ ಕಡಿಮೆಯದನ್ನು ಕೊಂಡಿದ್ದೇನೆ. ಹಳೆಯದು ಅಕ್ಕನ ಮಗನಿಗೆ ಹೋಗಿದೆ. ಅವನ ಸೊಂಟದಲ್ಲಿ ಟೊಳ್ಳಿಲ್ಲ.