ಟರ್ಕಿಯ ಲಿರಾ ಒಂದು ಕಾಲಕ್ಕೆ 30 ರೂಪಾಯಿ ಇತ್ತು ಎಂದು ಗ್ರಾಫ್ ತೋರಿಸಿದರೆ ಎದ್ದು ಬನ್ನಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಒಂದು ಗ್ರಾಫ್ ನಂಬಿ ಟರ್ಕಿಯ ಲಿರಾ ನೋಟು ಕೊಂಡು ಕೆಟ್ಟದ್ದನ್ನು ಮೂರು ವರ್ಷ ಮನೆಯವಳಿಗೂ ಪೂರ್ತಿ ಹೇಳಿರಲಿಲ್ಲ. ಕಳೆದ ವಾರ ನಮ್ಮ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗನ ಮೊಬೈಲಿಗೆ ಅದೇ ಬಗೆಯ ಗ್ರಾಫ್ ಬಂದಿತ್ತು. ದೇಶದ ಹೆಸರು ಮಾತ್ರ ಬೇರೆ. ಅದನ್ನು ನೋಡಿ ಮೈ ಉರಿಯಿತು.

ನಾನು ಮಂಡ್ಯದ ಬೆಲ್ಲದ ವ್ಯಾಪಾರಿ. ಅಚ್ಚು, ಬಕೆಟ್, ಕುರಿಕಟ್ಟು, ಯಾವುದರ ಧಾರಣೆ ಯಾವಾಗ ಬೀಳುತ್ತದೆ, ಯಾವಾಗ ಏಳುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆ ಜಂಬವೇ ನನ್ನನ್ನು ಕೆಡಿಸಿತು.

2022ರ ಜನವರಿ. ಮಗಳ ವೀಸಾ ಕೆಲಸಕ್ಕೆಂದು ಮೈಸೂರಿನ ಒಂದು ಸಣ್ಣ ಪ್ರವಾಸ ಕಚೇರಿಗೆ ಹೋಗಿದ್ದೆ. ಅಲ್ಲಿದ್ದವನು ಕಾಫಿ ತರಿಸಿದ, ಬೆಲ್ಲದ ವಿಷಯ ಕೇಳಿದ, ಆಮೇಲೆ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ. ಟರ್ಕಿಯ ಲಿರಾ, ನಮ್ಮ ರೂಪಾಯಿ. 2005ರಿಂದ ಅಂದಿನವರೆಗಿನ ಗೆರೆ.

"ಅಣ್ಣಾ, 2010ರಲ್ಲಿ ಒಂದು ಲಿರಾಕ್ಕೆ 30 ರೂಪಾಯಿ. ಈಗ ಐದೂವರೆ. ಇನ್ನೆಷ್ಟು ಇಳಿದೀತು? ನಿಮಗೆ ಧಾರಣೆಯ ಲೆಕ್ಕ ನಾನು ಹೇಳಿಕೊಡಬೇಕೇ?"

ಆ ಕೊನೆಯ ಮಾತಿಗೆ ಬಿದ್ದೆ.

ಹಿಂದಿನ ತಿಂಗಳ ಕಥೆಯನ್ನೂ ಸೇರಿಸಿದ. 2021ರ ಡಿಸೆಂಬರ್ 20ರಂದು ಡಾಲರಿಗೆ 18 ಲಿರಾ ದಾಟಿತ್ತು. ವಿನಿಮಯದಲ್ಲಿ ಆಗುವ ನಷ್ಟವನ್ನು ಠೇವಣಿದಾರರಿಗೆ ಸರ್ಕಾರವೇ ತುಂಬಿಕೊಡುತ್ತದೆ ಎಂದು ಅಧ್ಯಕ್ಷ ಎರ್ಡೋಗನ್ ಘೋಷಿಸಿದ್ದೇ ತಡ, ಅದೇ ರಾತ್ರಿ 13ರ ಆಸುಪಾಸಿಗೆ ಬಂತು, ಅಂದರೆ ಲಿರಾದ ಬೆಲೆ ಏರಿತು. "ನೋಡಿದಿರಾ, ಏಳಲು ಶುರುವಾಗಿದೆ" ಎಂದ. ಇದೂ ನಿಜವೇ. ಅವನು ತೋರಿಸಿದ ಅಂಕಿಗಳಲ್ಲಿ ಒಂದೂ ಸುಳ್ಳಲ್ಲ, ಹೊಟ್ಟೆ ಉರಿಯುವುದೇ ಅದಕ್ಕೆ.

200ರ 150 ನೋಟು, ಒಟ್ಟು 30,000 ಲಿರಾ ಕೊಂಡೆ. ಪರದೆಯಲ್ಲಿ ಐದೂವರೆ ಇದ್ದದ್ದನ್ನು ನನಗೆ ಕೊಟ್ಟಿದ್ದು 7 ರೂಪಾಯಿಗೆ. ಕೇಳಿದ್ದಕ್ಕೆ "ಪರದೆಯ ದರ ಬೇರೆ, ನೋಟಿನ ದರ ಬೇರೆ, ಅಣ್ಣಾ" ಎಂದ. 2 ಲಕ್ಷ 10 ಸಾವಿರ ಎಣಿಸಿಕೊಟ್ಟೆ. ಅಂದರೆ ಮೆಟ್ಟಿಲು ಇಳಿಯುವ ಮೊದಲೇ 45 ಸಾವಿರ ಹೋಗಿತ್ತು. ಕ್ವಿಂಟಲ್ ಬೆಲ್ಲಕ್ಕೆ 50 ರೂಪಾಯಿ ಹೆಚ್ಚು ಹೇಳಿದರೆ ಸರಕು ಬಿಟ್ಟು ಎದ್ದು ಬರುವ ಮನುಷ್ಯ ನಾನು! ರಸೀದಿ ಇಲ್ಲ. ಪಾಸ್‌ಪೋರ್ಟ್ ಕೇಳಲಿಲ್ಲ, ಆಧಾರ್ ಕೇಳಲಿಲ್ಲ. ಎಷ್ಟು ಸಲೀಸು ಎಂದು ಖುಷಿಪಟ್ಟೆ, ಕರ್ಮ. ಮೇಲಿಂದ ಉಡುಗೊರೆ ಎಂದು 10 ಲಕ್ಷ ಲಿರಾದ ಒಂದು ನೋಟು ಕೊಟ್ಟ. ಹಿಂಬದಿಯಲ್ಲಿ ಅಣೆಕಟ್ಟಿನ ಚಿತ್ರ. ಕನ್ನಂಬಾಡಿಯ ಹಾಗೆ ಇದೆಯಲ್ಲ ಎಂದು ಬಸ್ಸಿನಲ್ಲಿ ನಾಲ್ಕು ಸಲ ತೆಗೆದು ನೋಡಿದ್ದೆ.

ಆಮೇಲೆ ಇಳಿಯಿತು. ಇಳಿಯುತ್ತಲೇ ಹೋಯಿತು. ಲಿರಾ ನಾಲ್ಕೂವರೆ ರೂಪಾಯಿ ಆದಾಗ ಫೋನ್ ಮಾಡಿದೆ. "ತಾಳ್ಮೆ ಬೇಕು ಅಣ್ಣಾ." ಮೂರು ಆದಾಗ, "ಇದು ಕೊಳ್ಳುವ ಸಮಯ, ಇನ್ನಷ್ಟು ತೆಗೆದುಕೊಳ್ಳಿ, ಸರಾಸರಿ ಇಳಿಯುತ್ತದೆ." ನೀನೇ ವಾಪಸ್ ತೆಗೆದುಕೋ, 4 ರೂಪಾಯಿಯಾದರೂ ಕೊಡು ಎಂದರೆ, "ನಾವು ಮಾರುವುದು ಮಾತ್ರ, ಕೊಳ್ಳುವುದಿಲ್ಲ." ಕೊನೆಗೆ, "ಗ್ರಾಫ್ ನೋಡಿ ನೀವೇ ನಿರ್ಧಾರ ಮಾಡಿದ್ದಲ್ಲವೇ, ಸರ್?" ಅಲ್ಲಿಯವರೆಗೆ ಅಣ್ಣ, ಅಂದಿನಿಂದ ಸರ್.

2025ರಲ್ಲಿ ಪರವಾನಗಿ ಇರುವ ಒಂದು ವಿನಿಮಯ ಅಂಗಡಿಗೆ ಕಟ್ಟು ಹಿಡಿದುಕೊಂಡು ಹೋದೆ. ಕೌಂಟರಿನ ಹೆಂಗಸು 150 ನೋಟುಗಳನ್ನು ಎಣಿಸಿ, ಅಣೆಕಟ್ಟಿನ ನೋಟನ್ನು ಒಂದೇ ಬೆರಳಿನಿಂದ ನನ್ನ ಕಡೆಗೆ ತಳ್ಳಿದರು. "ಇದನ್ನು ಇಟ್ಟುಕೊಳ್ಳಿ, ಸರ್. 2005ರ ಜನವರಿ 1ಕ್ಕೆ ಅವರು ಆರು ಸೊನ್ನೆ ತೆಗೆದುಹಾಕಿದರು. ಇದು ಆಗಲೇ ಒಂದು ಲಿರಾ ಆಯಿತು. ಬದಲಿಸಿಕೊಳ್ಳುವ ಗಡುವು 2015ರ ಕೊನೆಗೆ ಮುಗಿಯಿತು. ಈಗ ಬರೀ ಕಾಗದ."

ಗ್ರಾಫ್ ಯಾಕೆ 2005ರಿಂದ ಶುರುವಾಗಿತ್ತು ಎಂದು ನನಗೆ ಹೊಳೆದದ್ದು ಆಗ, ಆ ಕೌಂಟರಿನ ಮುಂದೆ. 2004ರಲ್ಲಿ ನಮ್ಮ ಒಂದು ರೂಪಾಯಿಗೆ ಸುಮಾರು 30 ಸಾವಿರ ಲಿರಾ ಬರುತ್ತಿತ್ತು. ನಾನು ಎರಡು ಲಕ್ಷ ಸುರಿದು ಕೊಂಡದ್ದೂ 30 ಸಾವಿರ. ಲಿರಾ ಬಿದ್ದದ್ದು ಒಂದು ಸಲವಲ್ಲ, ಬೀಳುವುದೇ ಅದರ ಚರಿತ್ರೆ. 2010ರಲ್ಲಿ ಡಾಲರಿಗೆ 45ರ ಸುಮಾರಿನಲ್ಲಿದ್ದ ನಮ್ಮ ರೂಪಾಯಿಯೂ ಈಗ 85 ದಾಟಿದೆ. ಇಂಥ ಕುಂಟುವ ರೂಪಾಯಿಯ ಎದುರಿಗೂ ಲಿರಾ 30ರಿಂದ 2ಕ್ಕೆ ಬಂದಿದೆ ಎಂದರೆ ಯೋಚಿಸಿ.

ಬೆಲ್ಲದ ಬೆಲೆ ಬಿದ್ದರೆ ಆಲೆಮನೆಯವರು ಒಲೆ ಆರಿಸುತ್ತಾರೆ, ಸರಕು ಕಡಿಮೆಯಾಗಿ ಧಾರಣೆ ಏಳುತ್ತದೆ. ನೋಟಿಗೆ ಆ ನಿಯಮವಿಲ್ಲ. ಬೆಲೆಯೇರಿಕೆ ಹತ್ತಿ ಉರಿಯುತ್ತಿದ್ದಾಗ ಟರ್ಕಿಯ ಕೇಂದ್ರ ಬ್ಯಾಂಕ್ 2021ರ ಕೊನೆಯ ನಾಲ್ಕು ತಿಂಗಳಲ್ಲಿ ಬಡ್ಡಿಯನ್ನು ಏರಿಸುವ ಬದಲು ಶೇ. 19ರಿಂದ 14ಕ್ಕೆ ಇಳಿಸಿತು. 2022ರ ಅಕ್ಟೋಬರಿನಲ್ಲಿ ಅಲ್ಲಿನ ಹಣದುಬ್ಬರ ಶೇ. 85 ದಾಟಿತು. ಇದೆಲ್ಲ ಪತ್ರಿಕೆಯಲ್ಲಿ ಬಂದಿತ್ತು. ನಾನು ಓದುವುದು ಮಾರುಕಟ್ಟೆ ಧಾರಣೆಯ ಪುಟ ಮಾತ್ರ.

ಠಾಣೆಗೆ ಹೋಗಲು ಮುಖವಿಲ್ಲ. ಪರವಾನಗಿ ಇಲ್ಲದವನಿಂದ ವಿದೇಶಿ ನೋಟು ಕೊಳ್ಳುವುದೇ ವಿದೇಶಿ ವಿನಿಮಯದ ಫೆಮಾ ಕಾಯ್ದೆಗೆ ವಿರುದ್ಧ ಎಂದು ವಕೀಲರೊಬ್ಬರು ಹೇಳಿದರು. ದೂರು ಕೊಟ್ಟರೆ ಮೊದಲ ಉತ್ತರ ನಾನೇ ಕೊಡಬೇಕು. ಆ ಕಳ್ಳನಿಗೆ ಇದು ಮೊದಲೇ ಗೊತ್ತಿತ್ತು.

ವಿದೇಶಕ್ಕೆ ಹೋಗುವವರಿದ್ದರೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದ್ದಲ್ಲಿ, ರಸೀದಿ ಪಡೆದು, ಬೇಕಾದಷ್ಟೇ ಕೊಳ್ಳಿ. ಪಾಸ್‌ಪೋರ್ಟ್ ಕೇಳದವನು ಉಪಕಾರಿಯಲ್ಲ. ಹೋಗುವವರಲ್ಲದಿದ್ದರೆ ಆ ನೋಟು ನಿಮಗೇಕೆ? ಕಾಫಿ ಕುಡಿದು ಎದ್ದು ಬನ್ನಿ. ಕಾಫಿಯೂ ಬೇಡ.

ಅಂದು ಆ ಹೆಂಗಸು ಲಿರಾಕ್ಕೆ 1 ರೂಪಾಯಿ 40 ಪೈಸೆ ಕೊಡುತ್ತೇನೆ ಎಂದಿದ್ದರು. ಹಟಕ್ಕೆ ಬಿದ್ದು ಕಟ್ಟನ್ನು ವಾಪಸ್ ತಂದೆ. ಮೊನ್ನೆ ಫೋನ್ ಮಾಡಿ ಕೇಳಿದರೆ 1 ರೂಪಾಯಿ 20 ಪೈಸೆ ಅಂತೆ. ಸೋಮವಾರ ಹೋಗಿ ಕೊಟ್ಟು ಬರುತ್ತೇನೆ.