ಹಳೇ ಗ್ರ್ಯಾಂಡ್ ಪಿಯಾನೋ ತಂತಿ: ಇರೋದನ್ನ ಅಳೆಯೋದಾ, ಹೊಸದಾಗಿ ಲೆಕ್ಕ ಹಾಕೋದಾ?

ಜಯಚಾಮರಾಜ ಒಡೆಯರ್ ಪಿಯಾನೋ ನುಡಿಸ್ತಿದ್ದ ಊರು ಮೈಸೂರು, ಇಲ್ಲಿನ ಹಳೇ ಬಂಗಲೆಯ ಗ್ರ್ಯಾಂಡ್ ಪಿಯಾನೋ ಏನಾದ್ರೂ ನಿಮ್ಮ ಕೈಗೆ ಬಂದು ಪೂರ್ತಿ ತಂತಿ ಬದಲಾಯಿಸ್ಬೇಕು ಅಂದ್ರೆ ಎರಡು ದಾರಿ ಇದೆ.

ಇರೋ ತಂತೀನ ಮೈಕ್ರೋಮೀಟರಲ್ಲಿ ಅಳೆದು ಅದೇ ಸೈಜ್ ಹಾಕೋದು ಸುಲಭ, ಆದ್ರೆ ತುಕ್ಕು ಹಿಡಿದ ಕಡೆ ಅಳತೆ ದಪ್ಪ ತೋರ್ಸುತ್ತೆ, ಮೇಲಾಗಿ ಹಿಂದೆ ಯಾರೋ ರಿಪೇರಿಯೋರು ಕೈಗೆ ಸಿಕ್ಕಿದ್ದನ್ನ ಕಟ್ಟಿದ್ರೆ ಅದನ್ನೇ ನೀವೂ ಕಾಪಿ ಹೊಡೆದಂಗಾಯ್ತು. ಬ್ರಿಡ್ಜ್ (ತಂತಿ ಕೂರೋ ಮರದ ಪಟ್ಟಿ) ಮೇಲೋ ಪ್ಲೇಟ್ (ತಂತಿ ಕಟ್ಟಿರೋ ಕಬ್ಬಿಣದ ಚೌಕಟ್ಟು) ಮೇಲೋ ತಂತಿಯ ದಪ್ಪ ಹೇಳೋ ನಂಬರ್ ಇದ್ಯಾ ಮೊದಲು ನೋಡಿ.

ಇನ್ನೊಂದು, ಪ್ರತಿ ಸ್ವರಕ್ಕೂ ತಂತಿ ಮಿಡಿಯೋ ಭಾಗದ ಉದ್ದ ಅಳೆದು ಸ್ಪ್ರೆಡ್‌ಶೀಟಲ್ಲಿ ಟೆನ್ಷನ್ (ತಂತಿಯ ಬಿಗಿತ) ಲೆಕ್ಕ ಹಾಕಿ ದಪ್ಪ ಆರಿಸೋದು. ತಲೆನೋವೇ, ಆದ್ರೂ ನನ್ನ ಓಟು ಇದಕ್ಕೆ. ಯಾಕಂದ್ರೆ ಟೆನ್ಷನ್ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತೆ, 0.800 ಮಿ.ಮೀ. (ಹದಿಮೂರೂವರೆ ನಂಬರ್) ಬದಲು 0.825 (14) ಹಾಕಿದ್ರೆ ಅದೇ ಸ್ವರಕ್ಕೆ ಸುಮಾರು 6% ಜಾಸ್ತಿ, ಇನ್ನೂರು ಚಿಲ್ಲರೆ ತಂತೀಲೂ ಹಿಂಗೇ ಆದ್ರೆ ಹಳೇ ಸೌಂಡ್‌ಬೋರ್ಡ್ (ನಾದ ಹೊರಡಿಸೋ ಮರದ ಹಲಗೆ) ಗತಿ ಏನು ಹೇಳಿ! ಶ್ರುತಿಯ 'ಎ' ಸ್ವರ 435 ಹರ್ಟ್ಸ್ ಇದ್ದ ಕಾಲದ ಪಿಯಾನೋನ ಈಗಿನ 440ಕ್ಕೆ ಏರಿಸೋದಾದ್ರಂತೂ ಲೆಕ್ಕ ಬೇಕೇ ಬೇಕು.

ತಾಮ್ರ ಸುತ್ತಿರೋ ಬಾಸ್ ತಂತಿಗೆ ಒಳಗಿನ ತಂತಿ, ಮೇಲಿನ ಸುತ್ತು ಎರಡರ ಅಳತೇನೂ ಬೇಕು. ಹಳೇವನ್ನ ಗುಜರಿಗೆ ಹಾಕ್ಬೇಡಿ, ತಂತಿ ಸುತ್ತೋರಿಗೆ ಅದೇ ಸ್ಯಾಂಪಲ್.